ಹವಾಯಿಯ ಮಳೆ, ಟಹೀಟಿಯ ಮಳೆ

ಪೆಸಿಫಿಕ್ ಮಹಾಸಾಗರದ ದ್ವೀಪಗಳೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ: ಬಾಗಿದ ತೆಂಗಿನ ಮರಗಳು, ಬಿಳಿಯ ಮರಳು, ತಿಳಿನೀಲಿಯ ನೀರು, ಬೇಸಗೆಯೂ ಅಲ್ಲದ ಚಳಿಗಾಲವೂ ಅಲ್ಲದ ಒಂದು ನಿತ್ಯವಸಂತ. ಪ್ರವಾಸದ ಜಾಹೀರಾತುಗಳು ಹವಾಯಿಯನ್ನೂ ಟಹೀಟಿಯನ್ನೂ ಈ ಒಂದೇ ಚಿತ್ರದ ಚೌಕಟ್ಟಿನೊಳಗೆ ಇಟ್ಟುಬಿಟ್ಟಿವೆ. ಉಷ್ಣತೆಯ ಕೋಷ್ಟಕವನ್ನಷ್ಟೇ ನೋಡಿದವರಿಗೆ ಜಾಹೀರಾತು ಸುಳ್ಳೆಂದು ತೋರುವುದೂ ಇಲ್ಲ. ಹವಾಯಿಯ ರಾಜಧಾನಿಯಾದ ಹೊನಲುಲುವಿನ ವಾರ್ಷಿಕ ಸರಾಸರಿ ಉಷ್ಣತೆ ೨೫ ಡಿಗ್ರಿ ಸೆಂಟಿಗ್ರೇಡಿಗಿಂತ ಸ್ವಲ್ಪ ಹೆಚ್ಚು. ಟಹೀಟಿಯ ಮುಖ್ಯ ಪಟ್ಟಣವಾದ ಪಪೀಟೆಯದು ೨೬ಕ್ಕಿಂತ ಸ್ವಲ್ಪ ಹೆಚ್ಚು. ಒಂದು ಡಿಗ್ರಿಯ ಈ ಅಂತರವನ್ನು ಮನುಷ್ಯನ ಚರ್ಮ ಗುರುತಿಸಲಾರದು.

ಆದರೆ ಮಳೆಯ ಕೋಷ್ಟಕವನ್ನು ತೆರೆದರೆ ಬೇರೆಯೇ ಕಥೆ. ಹೊನಲುಲುವಿನ ವಿಮಾನ ನಿಲ್ದಾಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೪೩೦ ಮಿಲಿಮೀಟರು. ಪಪೀಟೆಯ ಬಳಿ ಸುಮಾರು ೧೭೦೦. ಒಂದಕ್ಕೆ ನಾಲ್ಕರಷ್ಟು! ಅದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಎರಡು ಊರುಗಳಲ್ಲಿಯೂ ಹೆಚ್ಚಿನ ಮಳೆ ಬೀಳುವುದು ನವೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿಯೇ. ಹೊನಲುಲು ಭೂಮಧ್ಯರೇಖೆಯ ಉತ್ತರಕ್ಕಿದೆ, ಪಪೀಟೆ ದಕ್ಷಿಣಕ್ಕಿದೆ. ಆದುದರಿಂದ ಅದೇ ಡಿಸೆಂಬರ್ ಒಂದು ಕಡೆ ಚಳಿಗಾಲ, ಇನ್ನೊಂದು ಕಡೆ ಬೇಸಗೆ. ಹವಾಯಿಯ ಕರಾವಳಿಗೆ ಮಳೆ ತರುವುದು ಚಳಿಗಾಲ, ಟಹೀಟಿಗೆ ಮಳೆ ತರುವುದು ಬೇಸಗೆ. ಒಂದೇ ಸಾಗರದಲ್ಲಿ, ಒಂದೇ ತಿಂಗಳುಗಳಲ್ಲಿ, ವಿರುದ್ಧವಾದ ಕಾರಣಗಳಿಂದ ಮಳೆ ಬೀಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಎರಡು ಸ್ಥಳಗಳ ನೆಲೆಯನ್ನು ಗುರುತುಮಾಡಿಕೊಳ್ಳೋಣ. ಹೊನಲುಲು ಉತ್ತರ ಅಕ್ಷಾಂಶ ೨೧ ಡಿಗ್ರಿಯ ಬಳಿ, ಎಂದರೆ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಸ್ವಲ್ಪವೇ ಕೆಳಗೆ ಇದೆ. ಪಪೀಟೆ ದಕ್ಷಿಣ ಅಕ್ಷಾಂಶ ೧೭½ ಡಿಗ್ರಿಯಲ್ಲಿದೆ. ನಡುವಣ ದೂರ ಸುಮಾರು ೪೪೦೦ ಕಿಲೋಮೀಟರು. ರೇಖಾಂಶದಲ್ಲಿ ಅಷ್ಟು ಅಂತರವಿಲ್ಲ. ಎರಡು ಊರುಗಳ ಗಡಿಯಾರಗಳೂ ಒಂದೇ ಗಂಟೆಯನ್ನು ತೋರಿಸುತ್ತವೆ. ಹೊನಲುಲುವಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಮೇ ಕೊನೆಯ ವಾರದಲ್ಲಿ ಒಮ್ಮೆ, ಜುಲೈ ನಡುವೆ ಇನ್ನೊಮ್ಮೆ. ಪಪೀಟೆಯಲ್ಲಿ ನವೆಂಬರ್ ಎರಡನೆಯ ವಾರದ ಸುಮಾರಿಗೆ ಮತ್ತು ಜನವರಿ ಕೊನೆಯಲ್ಲಿ.

ಇಷ್ಟು ಬಿಸಿಲಿದ್ದರೂ ಉಷ್ಣತೆ ಏರುಪೇರಾಗದಿರುವುದಕ್ಕೆ ಕಾರಣ ಸುತ್ತಲಿನ ನೀರು. ನೀರಿನ ವಿಶಿಷ್ಟೋಷ್ಣ ಮರಳಿನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಅದಲ್ಲದೆ ಬಿಸಿಲಿನ ಶಾಖ ನೀರಿನಲ್ಲಿ ಆಳದವರೆಗೂ ಹಂಚಿಹೋಗುತ್ತದೆ, ಒಂದಷ್ಟು ಆವಿಯಾಗುವುದರಲ್ಲಿ ವ್ಯಯವಾಗುತ್ತದೆ. ಆದುದರಿಂದ ಹೊನಲುಲುವಿನ ಅತಿ ತಂಪಾದ ತಿಂಗಳಿಗೂ ಅತಿ ಬಿಸಿಯಾದ ತಿಂಗಳಿಗೂ ನಾಲ್ಕೈದು ಡಿಗ್ರಿಗಳ ಅಂತರವಷ್ಟೆ. ಪಪೀಟೆಯಲ್ಲಿ ಸುಮಾರು ಮೂರು ಡಿಗ್ರಿ. ಉಷ್ಣತೆಯ ಮಾತು ಇಲ್ಲಿಗೆ ಸಾಕು.

ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಹಿಡಿದರೆ ಗಾಳಿಗಳ ವ್ಯವಸ್ಥೆ ಚೆನ್ನಾಗಿ ತಿಳಿಯುತ್ತದೆ. ೧೯೭೬ರ ಮೇ ತಿಂಗಳ ಮೊದಲ ದಿನ ಹೋಕುಲೆಯ ಎಂಬ ಜೋಡಿದೋಣಿಯೊಂದು ಹವಾಯಿಯ ಮಾವುಯಿ ದ್ವೀಪದಿಂದ ಹೊರಟು ಜೂನ್ ೪ರಂದು ಪಪೀಟೆಯನ್ನು ಮುಟ್ಟಿತು. ಪ್ರಾಚೀನ ಪಾಲಿನೇಷಿಯನರ ಮಾದರಿಯಲ್ಲಿ ಕಟ್ಟಿದ ಹಾಯಿದೋಣಿ ಅದು. ದಿಕ್ಸೂಚಿಯೇ ಮೊದಲಾದ ಯಾವ ಉಪಕರಣವೂ ಇಲ್ಲದೆ, ನಕ್ಷತ್ರಗಳನ್ನೂ ಅಲೆಗಳ ಬಡಿತವನ್ನೂ ನೋಡಿ ದಾರಿ ತೋರಿಸಿದವನು ಮೌ ಪಿಯಾಯ್ಲುಗ್ ಎಂಬ ಮೈಕ್ರೊನೇಷಿಯದ ನಾವಿಕ. ಈ ದೋಣಿ ದಾಟಿದುದು ಮೂರು ಗಾಳಿಗಳ ಸೀಮೆಯನ್ನು. ಮೊದಲಿಗೆ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ. ಬಳಿಕ ಭೂಮಧ್ಯರೇಖೆಯ ಸ್ವಲ್ಪ ಉತ್ತರಕ್ಕೆ, ನಾವಿಕರು ಡೋಲ್ಡ್ರಮ್ಸ್ ಎಂದು ಕರೆಯುವ, ಗಾಳಿ ಸತ್ತಂತಿರುವ ಮೋಡಮುಸುಕಿನ ಪಟ್ಟಿ. ಅದರಾಚೆಗೆ ಆಗ್ನೇಯದಿಂದ ಬೀಸುವ ಇನ್ನೊಂದು ವಾಣಿಜ್ಯ ಮಾರುತ.

ಈ ಪಟ್ಟಿಗಳು ಏಕೆ ಉಂಟಾದುವು? ಭೂಮಧ್ಯರೇಖೆಯ ಸಮೀಪದಲ್ಲಿ ಕಾದ ತೇವದ ಗಾಳಿ ಮೇಲೇರುತ್ತದೆ, ಎತ್ತರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಹರಿಯುತ್ತದೆ, ಸುಮಾರು ೩೦ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ, ಸಾಗರದ ಮೈಯನ್ನು ಸವರುತ್ತ ಮತ್ತೆ ಭೂಮಧ್ಯರೇಖೆಯ ಕಡೆಗೆ ಬರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಹೀಗೆ ಮರಳುವ ಗಾಳಿ ನೇರವಾಗಿ ಬಾರದೆ ಪಶ್ಚಿಮದ ಕಡೆಗೆ ಓರೆಯಾಗುತ್ತದೆ. ಗಾಳಿ ಏರುವಲ್ಲಿ ಮಳೆ, ಇಳಿಯುವಲ್ಲಿ ಬರಗಾಲ. ಹವಾಯಿ ಇರುವುದು ಗಾಳಿ ಇಳಿಯುವ ಸೀಮೆಯ ಅಂಚಿನಲ್ಲಿ. ಇದೊಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಅಲ್ಲಿನ ವಾಯುಗುಣದ ಹೆಚ್ಚಿನ ಒಗಟುಗಳು ಬಿಡಿಸಿಕೊಳ್ಳುತ್ತವೆ.

ಇಳಿಯುವ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರಷ್ಟೆ. ಗಾಳಿಯನ್ನು ಅಮುಕಿದರೆ ಅದರ ಉಷ್ಣತೆ ಏರುತ್ತದೆ. ಎತ್ತರದಿಂದ ಕೆಳಗಿಳಿಯುವ ಒಣಗಾಳಿಯೂ ಹೆಚ್ಚುತ್ತಿರುವ ವಾಯುಭಾರಕ್ಕೆ ಸಿಕ್ಕಿ, ಕಿಲೋಮೀಟರಿಗೆ ಹತ್ತಿರ ಹತ್ತಿರ ಹತ್ತು ಡಿಗ್ರಿಯಂತೆ ಕಾಯುತ್ತದೆ. ಹೀಗೆ ಕಾದ ಗಾಳಿ ಸಾಗರದ ಮೇಲಿನ ತಂಪಾದ ತೇವದ ಗಾಳಿಯ ಮೇಲೆ ಮುಚ್ಚಳದಂತೆ ಕೂಡುತ್ತದೆ. ಸಾಮಾನ್ಯವಾಗಿ ಮೇಲೇರಿದಂತೆ ಚಳಿ ಹೆಚ್ಚಬೇಕು. ಇಲ್ಲಿ ಸುಮಾರು ೨೦೦೦ ಮೀಟರು ಎತ್ತರದಲ್ಲಿ ಒಂದು ಪದರದಲ್ಲಿ ಮಾತ್ರ ಚಳಿ ಕಡಮೆಯಾಗಿ ಉಷ್ಣತೆ ಏರುತ್ತದೆ. ಇದನ್ನು ಉಷ್ಣತೆಯ ವಿಪರ್ಯಯ ಎನ್ನುತ್ತಾರೆ. ಕೆಳಗಿನಿಂದ ಉಬ್ಬಿ ಬರುವ ಮೋಡ ಈ ಪದರವನ್ನು ಮುಟ್ಟಿದೊಡನೆ ಸುತ್ತಲಿನ ಗಾಳಿಗಿಂತ ಭಾರವಾಗಿಬಿಡುತ್ತದೆ. ಮುಂದೆ ಏರಲಾರದೆ ಅಡ್ಡಡ್ಡಲಾಗಿ ಹರಡಿಕೊಳ್ಳುತ್ತದೆ. ತೆರೆದ ಸಾಗರದ ಮೇಲೆ ಇಂಥ ಗಿಡ್ಡ ಮೋಡಗಳಿಂದ ಹನಿಯುವ ಮಳೆ ಅಲ್ಪವೇ.

ಹಾಗಾದರೆ ಹವಾಯಿಯ ಬೆಟ್ಟಗಳ ಮೇಲೆ ಅಷ್ಟೊಂದು ಹಸುರು ಎಲ್ಲಿಂದ ಬಂತು? ಬೆಟ್ಟಗಳಿಂದಲೇ. ಈಶಾನ್ಯದ ಗಾಳಿ ಜ್ವಾಲಾಮುಖಿಗಳು ಕಟ್ಟಿದ ಕಡಿದಾದ ಇಳಿಜಾರಿಗೆ ಬಡಿದು ಬಲವಂತದಿಂದ ಮೇಲೇರುತ್ತದೆ, ತಣಿಯುತ್ತದೆ, ಹಿಡಿದುಕೊಂಡಿದ್ದ ಆವಿಯನ್ನು ಅಲ್ಲಿಯೇ ಸುರಿದುಬಿಡುತ್ತದೆ. ಬೆಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಒಣಗಿದ ಗಾಳಿ. ನಮ್ಮ ವಾಚಕರಿಗೆ ಇದು ಹೊಸದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೇಲೆ ಮಳೆ ಸುರಿಸುವ ನೈಋತ್ಯ ಮಾರುತವೇ ಘಟ್ಟವನ್ನಿಳಿದು ಚಳ್ಳಕೆರೆಯ ಕಡೆಗೆ ಬರುವ ವೇಳೆಗೆ ಬರಿಗೈಯಾಗಿರುತ್ತದೆ. ಆದರೆ ಆಗುಂಬೆಗೂ ಚಳ್ಳಕೆರೆಗೂ ನಡುವೆ ಹಲವು ತಾಲ್ಲೂಕುಗಳಿವೆ. ಹವಾಯಿಯಲ್ಲಿ ಈ ನಾಟಕವೆಲ್ಲ ಒಂದು ತಾಲ್ಲೂಕಿನಷ್ಟು ನೆಲದಲ್ಲಿ ಮುಗಿದುಹೋಗುತ್ತದೆ. ಕವಾಯಿ ದ್ವೀಪದ ವಾಯಲೆಯಾಲೆ ಶಿಖರದಲ್ಲಿ ವರ್ಷಕ್ಕೆ ೯೦೦೦ ಮಿಲಿಮೀಟರಿಗೂ ಮೀರಿ ಮಳೆ. ಭೂಮಿಯ ಅತ್ಯಂತ ತೋಯ್ದ ಸ್ಥಳಗಳಲ್ಲಿ ಅದೂ ಒಂದು. ಅಲ್ಲಿಂದ ಸುಮಾರು ಇಪ್ಪತ್ತೈದು ಕಿಲೋಮೀಟರು ದೂರದ ಪಶ್ಚಿಮ ಕರಾವಳಿಯಲ್ಲಿ ಕೆಮ್ಮಣ್ಣಿನ ಬಯಲು, ಕುರುಚಲು ಗಿಡ.

ಇಲ್ಲಿ ಒಂದು ಸಂದೇಹ ಬರಬಹುದು. ವಾಯಲೆಯಾಲೆಯ ಎತ್ತರ ೧೫೬೯ ಮೀಟರು. ದೊಡ್ಡ ದ್ವೀಪವಾದ ಹವಾಯಿಯ ಮೇಲೆ ನಿಂತಿರುವ ಮೌನಾ ಕೆಯ ೪೨೦೦ ಮೀಟರಿಗೂ ಎತ್ತರ. ಎತ್ತರದ ಬೆಟ್ಟಕ್ಕೆ ಹೆಚ್ಚು ಮಳೆ ಬೀಳಬೇಕಲ್ಲವೆ? ಇಲ್ಲ. ಮೇಲೆ ಹೇಳಿದ ಮುಚ್ಚಳವನ್ನು ನೆನೆಯಿರಿ. ಕವಾಯಿಯ ಶಿಖರ ಮುಚ್ಚಳಕ್ಕಿಂತ ಕೆಳಗಿದೆ. ಮೋಡ ಅದರ ನೆತ್ತಿಯವರೆಗೂ ಏರಿ ಅಲ್ಲಿ ತನ್ನ ಹೊರೆಯನ್ನೆಲ್ಲ ಇಳಿಸುತ್ತದೆ. ಮೌನಾ ಕೆಯದ ನೆತ್ತಿ ಮುಚ್ಚಳವನ್ನು ತೂರಿಕೊಂಡು ಒಣಗಾಳಿಯೊಳಗೆ ನಿಂತಿದೆ. ಮೋಡ ಅದನ್ನು ಹತ್ತಲಾರದೆ ಸೊಂಟದಲ್ಲಿಯೇ ಬಳಸಿ ಹೋಗುತ್ತದೆ. ಆ ದ್ವೀಪದ ಪೂರ್ವ ತೀರದ ಹೀಲೊ ಪಟ್ಟಣದಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಹೆಚ್ಚು ಮಳೆ. ಶಿಖರ ಮಾತ್ರ ಮರುಭೂಮಿಯಂತೆ ಒಣ, ಚಳಿಗಾಲದಲ್ಲಿ ಒಮ್ಮೊಮ್ಮೆ ಹಿಮವೂ ಬೀಳುವುದುಂಟು. ಅದರಾಚೆಗಿನ ಕವಾಯ್‌ಹೈ ತೀರದಲ್ಲಿ ೨೫೦ ಮಿಲಿಮೀಟರು ಮಳೆಯೂ ಇಲ್ಲ. ಖಗೋಳ ವಿಜ್ಞಾನಿಗಳು ದೊಡ್ಡ ದೊಡ್ಡ ದೂರದರ್ಶಕಗಳನ್ನು ಮೌನಾ ಕೆಯದ ಮೇಲೆ ಸ್ಥಾಪಿಸಿರುವುದು ಈ ಕಾರಣದಿಂದಲೇ: ಮೋಡಗಳು ಅವರ ಕಾಲ ಕೆಳಗಿರುತ್ತವೆ. ನೆರೆಯ ಮೌನಾ ಲೋವ ಪರ್ವತದಲ್ಲಿ ಸುಮಾರು ೩೪೦೦ ಮೀಟರು ಎತ್ತರದ ವೀಕ್ಷಣಾಲಯದಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ೧೯೫೮ರಲ್ಲಿ ವಾತಾವರಣದ ಇಂಗಾಲದ ಡೈ ಆಕ್ಸೈಡನ್ನು ಅಳೆಯಲು ಆರಂಭಿಸಿದಾಗಲೂ ಇದೇ ಮುಚ್ಚಳ ಸಹಾಯಕ್ಕೆ ಬಂತು. ಕೆಳಗಿನ ಕಾಡು, ಊರು, ಹೊಗೆಗಳ ಸೋಂಕು ಅದರಾಚೆಗಿನ ಗಾಳಿಗೆ ಅಷ್ಟಾಗಿ ತಗಲುವುದಿಲ್ಲ. ಅಂದು ಹತ್ತು ಲಕ್ಷಕ್ಕೆ ೩೧೫ ಭಾಗಗಳಿದ್ದ ಆ ಅನಿಲ ಇಂದು ೪೨೦ನ್ನು ದಾಟಿದೆ.

ಬೆಟ್ಟದ ಮಳೆ ನೆರಳಿನಲ್ಲಿ ಬದುಕುವುದು ಪ್ರವಾಸಿಗೆ ಸುಖ. ಹೋಟೆಲುಗಳೆಲ್ಲ ಕಟ್ಟಿರುವುದು ಆ ಬಿಸಿಲಿನ ಮಗ್ಗುಲಲ್ಲಿಯೇ. ಆದರೆ ಅದೇ ಮಗ್ಗುಲಿನ ಇನ್ನೊಂದು ಮುಖವನ್ನು ೨೦೨೩ರ ಆಗಸ್ಟ್ ೮ರಂದು ಲೋಕ ನೋಡಿತು. ಮಾವುಯಿ ದ್ವೀಪದ ಪಶ್ಚಿಮ ತೀರದ ಲಹೈನ ಪಟ್ಟಣ ಆ ದಿನ ಸುಟ್ಟುಹೋಯಿತು; ಸುಮಾರು ನೂರು ಮಂದಿ ಸತ್ತರು. ದ್ವೀಪಗಳ ಉತ್ತರಕ್ಕೆ ಹೆಚ್ಚಿನ ವಾಯುಭಾರ, ದಕ್ಷಿಣಕ್ಕೆ ಬಹುದೂರದಲ್ಲಿ ಡೋರಾ ಎಂಬ ಚಂಡಮಾರುತದ ಕಡಮೆ ವಾಯುಭಾರ. ಇವೆರಡರ ನಡುವೆ ವಾಣಿಜ್ಯ ಮಾರುತ ಬಿರುಗಾಳಿಯಾಗಿ ಬೆಟ್ಟವನ್ನಿಳಿಯಿತು, ಇಳಿಯುತ್ತ ಬಿಸಿಯಾಯಿತು, ಒಣಗಿತು. ಕಬ್ಬಿನ ತೋಟಗಳು ಮುಚ್ಚಿದ ಮೇಲೆ ಪಾಳುಬಿದ್ದ ನೆಲದಲ್ಲಿ ಹೊರದೇಶದ ಹುಲ್ಲು ಎದೆಯೆತ್ತರ ಬೆಳೆದು ಒಣಗಿ ನಿಂತಿತ್ತು. ಬೆಂಕಿಗೆ ಮತ್ತೇನು ಬೇಕು? ಮೋಡ ಮುಸುಕಿದ ಹಸುರು ಶಿಖರಗಳು ಅಲ್ಲಿಗೆ ಕೆಲವೇ ಕಿಲೋಮೀಟರು ದೂರದಲ್ಲಿವೆ.

ಹವಾಯಿಯ ಒಣ ತೀರಗಳಿಗೆ ಮಳೆ ಬೇಕಾದರೆ ಮುಚ್ಚಳ ಒಡೆಯಬೇಕು. ಅದು ಒಡೆಯುವುದು ಚಳಿಗಾಲದಲ್ಲಿ. ಆಗ ಉತ್ತರದ ಶೀತ ಪ್ರದೇಶದ ವಾಯುಭಾರ ಕುಸಿತಗಳು ಒಮ್ಮೊಮ್ಮೆ ದಕ್ಷಿಣಕ್ಕೆ ಜಾರಿ ದ್ವೀಪಗಳ ಪಶ್ಚಿಮಕ್ಕೆ ಬಂದು ನಿಲ್ಲುತ್ತವೆ. ವಾಣಿಜ್ಯ ಮಾರುತ ನಿಂತುಹೋಗಿ ದಕ್ಷಿಣದಿಂದ ತೇವದ ಗಾಳಿ ನುಗ್ಗುತ್ತದೆ. ಹವಾಯಿಯ ಜನ ಇದನ್ನು ಕೋನ ಬಿರುಗಾಳಿ ಎನ್ನುತ್ತಾರೆ. ಕೋನ ಎಂದರೆ ಗಾಳಿಯ ಮರೆಯ ದಿಕ್ಕು. ಜೂನ್ ತಿಂಗಳಲ್ಲಿ ಹತ್ತು ಹದಿನೈದು ಮಿಲಿಮೀಟರು ಕಾಣುವ ಹೊನಲುಲು ಇಂಥ ಒಂದೇ ಬಿರುಮಳೆಯಲ್ಲಿ ಹಲವು ತಿಂಗಳ ಮಳೆಯನ್ನು ಪಡೆಯಬಹುದು. ಆದುದರಿಂದ ಅಲ್ಲಿನ ೪೩೦ ಮಿಲಿಮೀಟರು ಎಂಬ ಸರಾಸರಿಯನ್ನು ಹೆಚ್ಚಾಗಿ ನಂಬುವಂತಿಲ್ಲ. ಎರಡು ಮೂರು ಬಿರುಗಾಳಿಗಳು ತಪ್ಪಿದರೆ ಆ ವರ್ಷ ಬರ.

ಇನ್ನು ಟಹೀಟಿಗೆ ಬರೋಣ. ಅಲ್ಲಿಯೂ ಬೆಟ್ಟಗಳಿವೆ, ಒರೊಹೆನ ಶಿಖರ ೨೨೪೧ ಮೀಟರು ಎತ್ತರ. ಆಗ್ನೇಯದ ಗಾಳಿಗೆ ಎದುರಾದ ಪೂರ್ವ ತೀರ ಪಪೀಟೆಗಿಂತ ಹೆಚ್ಚು ತೋಯುತ್ತದೆ, ಒಳನಾಡಿನ ಕಣಿವೆಗಳು ಅದಕ್ಕಿಂತಲೂ ಹೆಚ್ಚು. ಆದರೆ ಮರೆಯ ಮಗ್ಗುಲಲ್ಲಿರುವ ಪಪೀಟೆಗೂ ೧೭೦೦ ಮಿಲಿಮೀಟರು ಮಳೆ ದೊರೆಯುತ್ತದೆಯೆಂದರೆ ಬೆಟ್ಟವಲ್ಲದೆ ಬೇರೊಂದು ಕಾರಣವಿರಬೇಕು.

ಆ ಕಾರಣ ಸಾಗರದ ಉಷ್ಣತೆಯಲ್ಲಿದೆ. ಹವಾಯಿಯ ಸುತ್ತಲಿನ ನೀರು ವರ್ಷದಲ್ಲಿ ಸುಮಾರು ೨೪ರಿಂದ ೨೭ ಡಿಗ್ರಿಗಳ ನಡುವೆ ಇರುತ್ತದೆ. ಟಹೀಟಿಯ ಸುತ್ತ ೨೬ರಿಂದ ೨೯. ಗಾಳಿ ಹಿಡಿದುಕೊಳ್ಳಬಲ್ಲ ಆವಿಯ ಪ್ರಮಾಣ ಪ್ರತಿ ಡಿಗ್ರಿಗೂ ನೂರಕ್ಕೆ ಆರೇಳರಂತೆ ಹೆಚ್ಚುತ್ತದೆ. ಆವಿ ನೀರಾಗುವಾಗ ಹೊರಬೀಳುವ ಗುಪ್ತೋಷ್ಣವೇ ಮೋಡವನ್ನು ಇನ್ನೂ ಮೇಲಕ್ಕೆ ತಳ್ಳುವ ಇಂಧನ. ಉಷ್ಣವಲಯದಲ್ಲಿ ನೀರಿನ ಮೈ ಸುಮಾರು ೨೭–೨೮ ಡಿಗ್ರಿ ದಾಟಿತೆಂದರೆ ಮೋಡಗಳು ಗಿಡ್ಡವಾಗಿ ನಿಲ್ಲದೆ ಹತ್ತು ಹದಿನೈದು ಕಿಲೋಮೀಟರು ಎತ್ತರದ ಗುಡುಗುಮೋಡಗಳಾಗಿ ಬೆಳೆಯುವುದು ಸಾಮಾನ್ಯ. ಟಹೀಟಿಯ ಬೇಸಗೆ ಈ ಗಡಿಯನ್ನು ದಾಟುತ್ತದೆ. ಹವಾಯಿಯ ಬೇಸಗೆ ಗಡಿಯ ಈಚೆಗೇ ನಿಂತುಬಿಡುತ್ತದೆ. ಚರ್ಮಕ್ಕೆ ತಿಳಿಯದ ಒಂದೆರಡು ಡಿಗ್ರಿ ಮೋಡಕ್ಕೆ ಚೆನ್ನಾಗಿ ತಿಳಿಯುತ್ತದೆ!

ದಕ್ಷಿಣ ಪೆಸಿಫಿಕ್ಕಿನಲ್ಲಿ ಈ ಬಿಸಿನೀರಿನ ಮೇಲೆ ಗಾಳಿಗಳು ಕೂಡುವ ಒಂದು ಉದ್ದವಾದ ಮೋಡದ ಪಟ್ಟಿಯಿದೆ. ನ್ಯೂಗಿನಿಯ ಬಳಿಯಿಂದ ಹೊರಟು ಆಗ್ನೇಯಕ್ಕೆ ಫ್ರೆಂಚ್ ಪಾಲಿನೇಷಿಯದ ಕಡೆಗೆ ಓರೆಯಾಗಿ ಸಾಗುವ ಇದನ್ನು ದಕ್ಷಿಣ ಪೆಸಿಫಿಕ್ ಸಂಗಮ ವಲಯ ಎಂದು ಕರೆಯುತ್ತಾರೆ. ದಕ್ಷಿಣದ ಬೇಸಗೆಯಲ್ಲಿ ಇದು ಬಲಗೊಳ್ಳುತ್ತದೆ. ಅದರ ಅಂಚು ಟಹೀಟಿಯನ್ನು ಸವರುವಾಗ ಪಪೀಟೆಯಲ್ಲಿ ಡಿಸೆಂಬರ್, ಜನವರಿಗಳಲ್ಲಿ ತಿಂಗಳಿಗೆ ೨೫೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಆಗಸ್ಟ್ ವೇಳೆಗೆ ಅದು ೫೦ರ ಆಸುಪಾಸಿಗೆ ಇಳಿಯುತ್ತದೆ. ಆಗ ಬೀಸುವ ತಂಪಾದ ಆಗ್ನೇಯದ ಬಿರುಸುಗಾಳಿಗೆ ಅಲ್ಲಿನವರು ಮರಾಮು ಎಂದು ಹೆಸರಿಟ್ಟಿದ್ದಾರೆ. ಉತ್ತರ ಪೆಸಿಫಿಕ್ಕಿನಲ್ಲಿ ಹವಾಯಿಯ ಪಾಲಿಗೆ ಇಂಥ ಓರೆಪಟ್ಟಿ ಇಲ್ಲ. ಭೂಮಧ್ಯರೇಖೆಯಲ್ಲಿ ಕನ್ನಡಿ ಹಿಡಿದರೆ ಉತ್ತರದ ಬಿಂಬ ದಕ್ಷಿಣದಲ್ಲಿ ಕಾಣುತ್ತದೆಂದು ಎಣಿಸುವುದು ಸರಿಯಲ್ಲ.

ಈ ಎರಡು ವಾಯುಗುಣಗಳನ್ನೂ ಅನುಭವಿಸಿದ ಪ್ರಸಿದ್ಧ ನಾವಿಕ ಜೇಮ್ಸ್ ಕುಕ್. ೧೭೬೯ರ ಜೂನ್ ೩ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ಅಡ್ಡಹಾಯುವುದನ್ನು ನೋಡಲು ಅವನನ್ನು ಟಹೀಟಿಗೆ ಕಳುಹಿಸಿದ್ದರು. ಅಂಥ ಸಂಕ್ರಮಣ ಮತ್ತೆ ಬರುವುದು ನೂರು ವರ್ಷಗಳಿಗೂ ಮೇಲೆ. ಒಂದು ಮೋಡ ಅಡ್ಡ ಬಂದರೆ ಪ್ರಯಾಣವೆಲ್ಲ ವ್ಯರ್ಥ. ಆದರೆ ಜೂನ್ ಅಲ್ಲಿ ಒಣಗಾಲ. ಆಕಾಶ ಇಡೀ ದಿನ ನಿರ್ಮಲವಾಗಿತ್ತು. ಹತ್ತು ವರ್ಷಗಳ ಬಳಿಕ ಹವಾಯಿ ಅವನಿಗೆ ಇಷ್ಟು ದಯೆ ತೋರಿಸಲಿಲ್ಲ. ೧೭೭೯ರ ಫೆಬ್ರವರಿ ೪ರಂದು ಅವನ ಹಡಗುಗಳು ಕೋನ ತೀರದ ಕೆಯಲಕೆಕುವ ಕೊಲ್ಲಿಯಿಂದ ಹೊರಟುವು. ಕೆಲವೇ ದಿನಗಳಲ್ಲಿ ಚಳಿಗಾಲದ ಬಿರುಗಾಳಿಗೆ ಸಿಕ್ಕಿ ಮುಂದಿನ ಕೂವೆಮರ ಕೆಟ್ಟಿತು. ದುರಸ್ತಿಗಾಗಿ ಹಡಗು ೧೧ರಂದು ಅದೇ ಕೊಲ್ಲಿಗೆ ಮರಳಿತು; ದ್ವೀಪದವರೊಡನೆ ಜಗಳ ಬೆಳೆಯಿತು; ೧೪ರಂದು ಕುಕ್ ಕೊಲೆಯಾದನು.

ಇದುವರೆಗೆ ಹೇಳಿದುದು ಸಾಮಾನ್ಯ ವರ್ಷಗಳ ಮಾತು. ಕೆಲವು ವರ್ಷಗಳಿಗೊಮ್ಮೆ ವಾಣಿಜ್ಯ ಮಾರುತಗಳು ಸೊರಗಿ, ಪಶ್ಚಿಮ ಪೆಸಿಫಿಕ್ಕಿನಲ್ಲಿ ರಾಶಿಯಾಗಿದ್ದ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ. ಇದೇ ಎಲ್ ನಿನೋ. ಬಿಸಿನೀರು ಸರಿದಂತೆ ಮೋಡಗಳ ಪಟ್ಟಿಯೂ ಸರಿಯುತ್ತದೆ. ಸಾಮಾನ್ಯವಾಗಿ ಚಂಡಮಾರುತಗಳು ಹುಟ್ಟುವುದು ಟಹೀಟಿಯ ಪಶ್ಚಿಮಕ್ಕೆ ಬಹುದೂರದಲ್ಲಿ. ಎಲ್ ನಿನೋ ವರ್ಷಗಳಲ್ಲಿ ಅವುಗಳ ತೊಟ್ಟಿಲು ಟಹೀಟಿಯ ಬಾಗಿಲಿಗೇ ಬರುತ್ತದೆ. ೧೯೮೨ರ ಡಿಸೆಂಬರಿನಿಂದ ೧೯೮೩ರ ಏಪ್ರಿಲ್‌ವರೆಗೆ ಫ್ರೆಂಚ್ ಪಾಲಿನೇಷಿಯದ ಮೇಲೆ ಒಂದರ ಹಿಂದೆ ಒಂದು ಚಂಡಮಾರುತ ಎರಗಿತು. ಏಪ್ರಿಲ್‌ನಲ್ಲಿ ಟಹೀಟಿಯನ್ನೇ ಹೊಡೆದುದರ ಹೆಸರು ‘ವೀನಾ’. ನಮ್ಮ ಕಿವಿಗೆ ಎಷ್ಟು ಮಧುರವಾಗಿ ಕೇಳುವ ಹೆಸರು! ಹವಾಯಿಯಲ್ಲಿ ಇದರ ಪರಿಣಾಮ ಬೇರೆ. ಭೂಮಧ್ಯರೇಖೆಯ ಬಳಿ ಗಾಳಿಯ ಏರಿಕೆ ಹೆಚ್ಚಿದಷ್ಟೂ ಹವಾಯಿಯ ಮೇಲೆ ಅದರ ಇಳಿತ ಹೆಚ್ಚುತ್ತದೆ. ಮುಚ್ಚಳ ಗಟ್ಟಿಯಾಗಿ ಚಳಿಗಾಲದ ಮಳೆ ಕೈಕೊಡುತ್ತದೆ. ಆದರೆ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಅಲ್ಲಿಗೂ ಚಂಡಮಾರುತದ ಭಯವುಂಟು: ೧೯೮೨ರ ನವೆಂಬರಿನಲ್ಲಿ ‘ಈವಾ’ ಎಂಬುದು ಕವಾಯಿ ದ್ವೀಪವನ್ನು ಧ್ವಂಸಮಾಡಿತು.

ಈ ಏರುಪೇರನ್ನು ಅಳೆಯುವ ಹಳೆಯ ಕೋಲುಗಳಲ್ಲೊಂದು ಟಹೀಟಿಯಲ್ಲಿದೆ, ಅದರ ಕಥೆ ಭಾರತದಲ್ಲಿ ಆರಂಭವಾಗುತ್ತದೆ. ಮೈಸೂರು ಸೀಮೆಯ ಜನ ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದ ೧೮೭೬–೭೮ರ ಘೋರ ಕ್ಷಾಮದ ತರುವಾಯ, ಮುಂಗಾರಿನ ಮುನ್ಸೂಚನೆ ಸರ್ಕಾರಕ್ಕೆ ತುರ್ತಿನ ವಿಷಯವಾಯಿತು. ೧೯೦೪ರಲ್ಲಿ ಭಾರತದ ವೀಕ್ಷಣಾಲಯಗಳ ಮುಖ್ಯಾಧಿಕಾರಿಯಾಗಿ ಬಂದ ಗಿಲ್ಬರ್ಟ್ ವಾಕರ್ ತರಬೇತಿನಿಂದ ಗಣಿತಜ್ಞ. ಅವನು ಲೋಕದ ನಾನಾ ಕಡೆಯ ವಾಯುಭಾರದ ಅಂಕಿಗಳನ್ನು ತರಿಸಿ, ಗುಮಾಸ್ತರಿಂದ ಲೆಕ್ಕ ಹಾಕಿಸಿ, ಒಂದು ವಿಚಿತ್ರವನ್ನು ಕಂಡನು: ಪೆಸಿಫಿಕ್ಕಿನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಸುತ್ತ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ, ತಕ್ಕಡಿಯ ಎರಡು ತಟ್ಟೆಗಳಂತೆ. ಇದಕ್ಕೆ ಅವನು ದಕ್ಷಿಣಾಂದೋಲನ ಎಂದು ಹೆಸರಿಟ್ಟನು. ಇಂದು ಈ ತಕ್ಕಡಿಯ ಒಂದು ತಟ್ಟೆಗೆ ಟಹೀಟಿಯನ್ನೂ ಇನ್ನೊಂದಕ್ಕೆ ಆಸ್ಟ್ರೇಲಿಯದ ಡಾರ್ವಿನ್ನನ್ನೂ ಗುರುತು ಹಿಡಿದಿದ್ದಾರೆ. ಟಹೀಟಿಯ ವಾಯುಭಾರದಿಂದ ಡಾರ್ವಿನ್ನಿನದನ್ನು ಕಳೆದು, ಸರಾಸರಿಯೊಡನೆ ಹೋಲಿಸಿದರೆ ಬರುವ ಅಂಕಿ ತಿಂಗಳುಗಟ್ಟಲೆ ಋಣವಾಗಿಯೇ ಇದ್ದರೆ ಅದು ಎಲ್ ನಿನೋದ ಲಕ್ಷಣ.

ಆದರೆ ಈ ಅಂಕಿಯಿಂದ ನಮ್ಮ ಮಳೆಯನ್ನು ಹೇಳಿಬಿಡಬಹುದೆಂದು ತಿಳಿಯಬಾರದು. ೨೦೨೩ ಎಲ್ ನಿನೋ ವರ್ಷ. ಆ ವರ್ಷದ ಆಗಸ್ಟ್ ೧೯೦೧ರಿಂದ ಈಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು, ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ೧೯೯೭ರ ಎಲ್ ನಿನೋ ಅದಕ್ಕಿಂತ ಪ್ರಬಲ. ಆದರೂ ಭಾರತದ ಮುಂಗಾರು ಅಂದು ಸರಾಸರಿಗೆ ಕಡಮೆಯಾಗಲಿಲ್ಲ. ೨೦೦೨ರದು ಸಾಧಾರಣವಾದ ಎಲ್ ನಿನೋ. ಅಂದು ಜುಲೈ ತಿಂಗಳಿನಲ್ಲಿಯೇ ಮಳೆ ಕೈಬಿಟ್ಟು ದೇಶದಲ್ಲಿ ತೀವ್ರವಾದ ಬರ ಬಿದ್ದಿತು.